ಗೇಟು ಬಿದ್ದಿದೆ

ಉಪ್ಪಳದ ರೈಲುಗೇಟು.
ಹಿಂದಿನ ಜೀಪಿನವ ಹಾರ್ನಿನ ಮೇಲೆಯೇ ಕೂತಿದ್ದಾನೆ.
ನಾನು ರಿಕ್ಷಾ ಆಫ್ ಮಾಡಿ, ಬೆನ್ನು ನೆಟ್ಟಗೆ ಮಾಡಿ
ಎಡಹೊಳ್ಳೆ ಮುಚ್ಚುತ್ತೇನೆ.

ಬಿ.ಪಿ. ನೂರ ಎಪ್ಪತ್ತು ದಾಟಿದ ದಿನ
ಲತಿಕಾ ಸಿಸ್ಟರ್ ಮಾತ್ರೆಯ ಜೊತೆ ಕೊಟ್ಟದ್ದು ಇದು.
ಅವರ ಮಲಯಾಳ ನನಗೆ ಅರ್ಧಂಬರ್ಧ;
ಶ್ವಾಸ ಅಂದದ್ದು ಮಾತ್ರ ಪೂರ್ತಿ ತಿಳಿಯಿತು.

ನಾಲ್ಕು ಎಣಿಸಿ ಒಳಗೆ,
ಒಣಮೀನಿನ ವಾಸನೆಯೂ ಬರುತ್ತದೆ, ಬರಲಿ.
ಆರು ಎಣಿಸಿ ಹೊರಗೆ.
ನಡುವೆ ಸೊಸೈಟಿಯ ಕಂತು ನುಗ್ಗುತ್ತದೆ,
ನಿನ್ನೆ ಬಾಡಿಗೆ ಕೊಡದೆ ಇಳಿದವನ ಮುಖ.
ಮತ್ತೆ ಒಂದರಿಂದ.

"ನಿದ್ದೆಯಾ ಐತಣ್ಣ?" ಹಿಂದಿನ ಸೀಟಿನ ಆಸಿಯಮ್ಮ.
"ಅಲ್ಲ, ಇಲ್ಲೇ ಇದ್ದೇನೆ."

ಗೂಡ್ಸು ಬಂತು. ಸೀಟಿನಡಿ ನೆಲ ಅದುರಿತು.
ಹತ್ತೊಂಬತ್ತು ಡಬ್ಬಿಯವರೆಗೆ ಲೆಕ್ಕವಿತ್ತು,
ಆಮೇಲೆ ಎಣಿಸುವುದನ್ನೇ ಮರೆತೆ.

ಗೇಟು ಎದ್ದು ಎಷ್ಟೋ ಹೊತ್ತಾಯಿತಂತೆ.
ಈಗ ಎಲ್ಲರೂ ಬೈಯುತ್ತಿರುವುದು
ನನ್ನನ್ನೇ.