ಗುಂಡಿ

ಗುಂಡಿ ಎಂದರೆ ನಮ್ಮ ಭಾಷೆಯಲ್ಲಿ
ಅಂಗಿಗೂ ಉಂಟು, ರಸ್ತೆಗೂ ಉಂಟು.
ಇದು ಮೂರನೆಯದು, ಗಾಜಿನ ಮೇಲಿನದು:
ಒತ್ತಿದರೆ ತಗ್ಗುವುದಿಲ್ಲ,
ತಗ್ಗಿದ ಹಾಗೆ ನಟಿಸುತ್ತದೆ.

ಖೋರ್‌ಫಕ್ಕಾನಿನ ಬಂದರು ರಸ್ತೆಯಲ್ಲಿ
ಬೀರಾನಿಕ್ಕನ ಕೆಫೆಟೇರಿಯಾ. ಗಲ್ಲಾದಲ್ಲಿ ನಾನು.
ಹೊಸ ಯಂತ್ರ ಬಂದ ದಿನ ಅದರಲ್ಲಿ
ನೂರಾ ಹನ್ನೆರಡು ಗುಂಡಿ,
ಎಲ್ಲವೂ ಬೂದಿ ಬಣ್ಣ, ಎಲ್ಲವೂ ಒಂದೇ ಅಳತೆ,
ಇಂಗ್ಲಿಷ್ ಅಕ್ಷರಗಳ ಸರದಿಯಲ್ಲಿ.
ಆಪಲ್ ಶೇಕ್ ಮೊದಲು; ವಾರಕ್ಕೊಬ್ಬ ಕೇಳಿದರೆ ಹೆಚ್ಚು.
ಕರಕ್ ಚಹಾ ಮೂರನೇ ಪುಟದಲ್ಲಿ,
ಕಬಾಬಿನ ಹಿಂದೆ ಅಡಗಿ.

ಹೊರಗೆ ಕಾರುಗಳು ಹಾರ್ನ್ ಹೊಡೆಯುತ್ತವೆ.
ಇಲ್ಲಿ ಯಾರೂ ಇಳಿಯುವುದಿಲ್ಲ,
ಆಗಸ್ಟಿನಲ್ಲಿ ಇಳಿಯಲೂ ಬಾರದು.
ತೊಫಜ್ಜಲ್ ಓಡುತ್ತಾನೆ, ಕೇಳಿ ಬಂದು ಕೂಗುತ್ತಾನೆ,
ನಾನು ಮೂರು ಪುಟ ಮಗುಚುವಷ್ಟರಲ್ಲಿ
ಇನ್ನೊಂದು ಹಾರ್ನ್.

ಸೆಟ್ಟಿಂಗ್ಸ್‌ಗೆ ಪಾಸ್‌ವರ್ಡ್ ಬೀರಾನಿಕ್ಕನ ಕಾರಿನ ನಂಬರ್.
ಒಂದು ರಾತ್ರಿ, ಶಟರ್ ಅರ್ಧ ಎಳೆದು, ಒಳಹೊಕ್ಕೆ.
ಮೊದಲು ಕರಕನ್ನು ಹಿಡಿದೆಳೆದೆ.
ಬೆರಳಿಗೆ ಅಂಟಿಕೊಂಡೇ ಬಂತು, ಹಲಸಿನ ಮೇಣದ ಹಾಗೆ.
ಕೆಳಗೆ ಬಲಮೂಲೆಯಲ್ಲಿ ಬಿಟ್ಟೆ,
ನಾಲ್ಕು ಮನೆ ಅಗಲ ಮಾಡಿದೆ.
ಬಣ್ಣ ಆರಿಸಲು ಗಂಟೆ ಹಿಡಿಯಿತು:
ಹಾಲು ಹೆಚ್ಚಾದ ಕಂದು ಇತ್ತು, ಹಾಲು ಕಡಿಮೆಯಾದ ಕಂದು ಇತ್ತು,
ನಮ್ಮ ಕರಕ್ ಎರಡರ ನಡುವಿನದು.
ಏಲಕ್ಕಿಗೆ ಬಣ್ಣವೇ ಇಲ್ಲ.
ಪರೋಟದ ಅಂಚು ದುಂಡಗೆ ಮಾಡಿದೆ.
ಸುಲೈಮಾನಿಗೆ ತುದಿಯಲ್ಲಿ ಒಂಟಿ ಮನೆ.
ಆಪಲ್ ಶೇಕನ್ನು ಹಿತ್ತಲಿಗೆ ಕಳಿಸಿದೆ.

ನಡುವೆ ಕೈತಪ್ಪಿ ಭಾಷೆಯ ಗುಂಡಿ ತಾಗಿತು,
ಅರಬಿಯಾಯಿತು.
ಅಕ್ಷರ ಮಾತ್ರವಲ್ಲ, ಇಡೀ ಪರದೆ
ಮಲಗಿದವರು ಮಗ್ಗುಲಾದಂತೆ ಹೊರಳಿತು.
ಬಲದ್ದು ಎಡಕ್ಕೆ, ಬಾಣಗಳು ಹಿಂದುಮುಂದು,
ಮುಚ್ಚುವ ಗುರುತು ಕೂಡ ಆಚೆ ಮೂಲೆಗೆ.
ಮದರಸದಲ್ಲಿ ಬಲದಿಂದ ಓದಿದವನು ನಾನು,
ಶಾಲೆಯಲ್ಲಿ ಎಡದಿಂದ.
ಎರಡು ಬೆಂಚಿನ ನಡುವೆ ನಿಲ್ಲಿಸಿದ ಹುಡುಗನ ಹಾಗೆ
ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ.

ಅಡುಗೆಕೋಣೆಯ ಪರದೆ ಬೇರೆ.
ಕೆಂಪೆಂದರೆ ಕಾಯಿ, ಹಸಿರೆಂದರೆ ಒಯ್ಯಿ.
ತೊಫಜ್ಜಲ್ ಆಗದ್ದಕ್ಕೆ ಕೈಚಾಚುತ್ತಿದ್ದ,
ಆದದ್ದನ್ನು ಆರಲು ಬಿಟ್ಟು ಬೈಗುಳ ತಿನ್ನುತ್ತಿದ್ದ.
ಒಂದು ದಿನ ಸಿಗ್ನಲ್ಲಿನಲ್ಲಿ ಕೇಳಿದೆ, ಯಾವ ದೀಪ?
"ಮೇಲಿನದು."
ಬಣ್ಣ ಯಾವುದು?
"ಮೇಲಿನದು, ಭಾಯ್."

ಆ ರಾತ್ರಿ ಮತ್ತೆ ಶಟರ್ ಅರ್ಧ.
ಕಾಯುವುದಕ್ಕೆ ಚೌಕ, ಆದದ್ದಕ್ಕೆ ವೃತ್ತ,
ವೃತ್ತದೊಳಗೆ ಹಬೆಯ ಮೂರು ಗೆರೆ ನಾನೇ ಬರೆದೆ,
ಒಂದು ಸೊಟ್ಟ.
ತಪ್ಪುಗಳು ನಿಂತವು.
ಈ ಸಂಗತಿ ಯಾರಿಗೂ ಹೇಳಲಿಲ್ಲ, ಎಂದರೆ
ಬೀರಾನಿಕ್ಕನಿಗೆ, ಪೆಪ್ಸಿ ತರುವವನಿಗೆ,
ಕ್ಷೌರದಂಗಡಿಯಲ್ಲಿ ಕುಳಿತಿದ್ದವರಿಗೆ ಹೇಳಿದೆ.

ರಂಜಾನಿಗೆ ವಾರವಿರುವಾಗ ಕಂಪನಿಯವರು
ದೂರದಿಂದಲೇ ಏನೋ ಹೊಸದು ಹಾಕಿದರು.
ಬೆಳಿಗ್ಗೆ ತೆರೆದರೆ ನೂರಾ ಹನ್ನೆರಡು ಬೂದಿ.
ಮೊದಲ ಹಾರ್ನ್.
ಬೆರಳು ತಾನೇ ಬಲಮೂಲೆಗೆ ಹೋಯಿತು.
ಈಗ ಅಲ್ಲಿ 'ರದ್ದು'.
ಮೂರು ಸಲ ಕರಕ್ ಒತ್ತಿದೆ,
ಮೂರು ಸಲ ರದ್ದಾಯಿತು.

ತೊಫಜ್ಜಲ್ ಎರಡು ಲೋಟ ಹಿಡಿದು ಆಗಲೇ ಬಾಗಿಲಲ್ಲಿ.
ಹೇಗೆ ತಿಳಿಯಿತೋ ನಿನಗೆ?
ಬಿಳಿ ಪಿಕಪ್ಪಿನ ಹಾರ್ನ್, ಅಂದ.
ಉದ್ದ ಒಂದು, ಗಿಡ್ಡ ಒಂದು:
ಎರಡು ಕರಕ್, ಸಕ್ಕರೆ ಕಮ್ಮಿ.
ಆದದ್ದು ಗೊತ್ತಾಗುವುದು ಚಮಚ ಬಡಿಯುವ ಸದ್ದಿನಲ್ಲಿ.
ಪರದೆ ನೋಡುವುದನ್ನು ಎರಡನೇ ವಾರಕ್ಕೇ ಬಿಟ್ಟಿದ್ದನಂತೆ.
ಹೇಳಬಾರದಿತ್ತೇ, ಅಂದೆ.
"ಹಬೆ ಚೆನ್ನಾಗಿತ್ತು" ಅಂದು
ಬಿಸಿಲಿಗೆ ಓಡಿದ.

ಈಗ ರಾತ್ರಿ, ಶಟರ್ ಅರ್ಧ.
ಮೂರನೇ ಪುಟದಲ್ಲಿ, ಕಬಾಬಿನ ಹಿಂದೆ, ಕರಕ್.
ಹಿಡಿದೆಳೆಯುತ್ತಿದ್ದೇನೆ.
ಮುಚ್ಚಿದೆ ಎಂದು ತಿಳಿಯದೆ ಹೊರಗೆ ಯಾರೋ
ಹಾರ್ನ್ ಹೊಡೆದರು. ಉದ್ದ ಒಂದು.
ಬೆರಳು ಗಾಜಿನ ಮೇಲೆಯೇ ಇಟ್ಟುಕೊಂಡು
ಗಿಡ್ಡದ್ದಕ್ಕೆ ಕಾಯುತ್ತಿದ್ದೇನೆ.