ಅದೇ ಬ್ಯಾಗು

ಮಾರ್ದಿನ್‌ನಲ್ಲಿ ಇಳಿದ ಮೊದಲ ಸಂಜೆಯೇ,
ಬೆನ್ನಿನ ಬ್ಯಾಗು ಕೆಳಗಿಡುವ ಮುಂಚೆಯೇ,
ತಿಪ್ಪೇಶಿ ಅಂದ: 'ನಮ್ ದುರ್ಗ ಇದ್ದಂಗೇ ಐತೆ.'

ಕಸ ಹೊರುವ ಕತ್ತೆಗೆ ದಾರಿ ಬಿಟ್ಟು
ಗೋಡೆಗೆ ಒತ್ತಿ ನಿಂತಾಗಲೂ ಅದೇ ಮಾತು.
ನಡು ಸಣ್ಣಗಿನ ಲೋಟದಲ್ಲಿ ಹಾಲಿಲ್ಲದ ಚಹಾ ಬಂತು;
'ಕಲ್ಲು ಮಾತ್ರ ನಮ್ಮದೇ ಗಟ್ಟಿ' ಎಂದ.
ಕೆಳಗೆ, ಸಿರಿಯಾದ ಕಡೆಗೆ, ಬಯಲು
ಸಮುದ್ರದ ಹಾಗೆ ಕಪ್ಪಾಗುತ್ತಿತ್ತು.
ಐದು ವರ್ಷ ಚೀಟಿ ಕಟ್ಟಿ ಬಂದದ್ದು
ದುರ್ಗ ನೋಡಲಿಕ್ಕಾ?
ಆ ರಾತ್ರಿ ನಮ್ಮಿಬ್ಬರ ನಡುವೆ ಬ್ಯಾಗು ಮಲಗಿಸಿದೆ.

ಇವತ್ತು ಭಾನುವಾರ. ಅದೇ ಬ್ಯಾಗು.
ಒಳಗೆ ಚಿತ್ರಾನ್ನ, ನೀರು; ಜಿಪ್ಪಿನ ಹಲ್ಲುಗಳಲ್ಲಿ ಇನ್ನೂ
ಅಲ್ಲಿನ ಹಳದಿ ಧೂಳು.
ಕೋಟೆಯ ಬುಡದಲ್ಲೇ ಮನೆ, ಮದುವೆಯಾಗಿ ಒಂಬತ್ತು ವರ್ಷ,
ಜೊತೆಯಾಗಿ ಹತ್ತಿದ್ದು ಇದೇ ಮೊದಲು.
ಟಿಕೆಟ್ಟಿನವನು ಕೇಳಿದ, 'ಯಾವೂರು?'

ತುಪ್ಪದ ಕೊಳದ ಹತ್ತಿರ, ಕಾಲೂರುವ ಕುಳಿಯಲ್ಲಿ
ಅವನ ಚಪ್ಪಲಿ ಜಾರಿತು, ನನ್ನ ಕೈ ಸಿಕ್ಕಿತು.
ಮೇಲೆ ಬರೀ ಗಾಳಿ. ದೂರದ ಗುಡ್ಡಗಳ ಮೇಲೆ ಫ್ಯಾನುಗಳು
ಒಂದೊಂದೂ ತನ್ನ ಪಾಡಿಗೆ ತಿರುಗುತ್ತಿದ್ದವು.

ಏದುಸಿರು ಬಿಡುತ್ತ ಕೂತ. ಬಯಲು ನೋಡಿದ
ತುಂಬಾ ಹೊತ್ತು.
'ಮಾರ್ದಿನ್ ಇದ್ದಂಗೇ ಐತಲ್ಲೇ' ಅಂದ.

ಕೋತಿಯೊಂದು ಚಿತ್ರಾನ್ನದ ಡಬ್ಬಿ ಎತ್ತಿಕೊಂಡು ಓಡಿತು.
ಇಬ್ಬರೂ ಏಳಲಿಲ್ಲ.