ಗಾಳಿ ಬೇಡದ್ದು

"ಆ ಅನ್ನು" ಅಂದೆ.
ಮಂಡ್ಯದ ಬೆಲ್ಲದ ಮಂಡಿಯಲ್ಲಿ ಹರಾಜು ಕೂಗುವ ಹುಡುಗ,
ಹೆಸರು ಪೂರ್ಣೇಶ, ವಯಸ್ಸು ಇಪ್ಪತ್ತು,
ಆ ಅನ್ನಲಾರದೆ ಕಣ್ಣಲ್ಲಿ ನೀರು ತಂದುಕೊಂಡ.
"ಉಗುಳೂ ನುಂಗಕ್ಕಾಗ್ತಿಲ್ಲ ಕಣಕ್ಕ.
ಮೂರು ದಿನದಿಂದ ಮೆಣಸು ಬೆಲ್ಲದ ಕಷಾಯ.
ಬೆಲ್ಲಕ್ಕೇನು, ಕಾಸು ಕೊಡಂಗಿಲ್ವಲ್ಲ."

ಟಾರ್ಚಿನ ಬೆಳಕಲ್ಲಿ ಕಿರುನಾಲಗೆಯ ಎರಡು ಕಡೆ ಕೆಂಪು,
ಎಡಗಡೆ ಹಾಲು ಒಡೆದಂತೆ ಬಿಳಿ.
ಹತ್ತಿ ಸುತ್ತಿದ ಕಡ್ಡಿಯಿಂದ ಸವರಿದೆ.
ಓಕರಿಸಿದ, ಸಾರಿ ಅಂದ.
ಮಿಕ್ಕವರು ಓಕರಿಸಿ ನನಗೇ ಬೈಯುತ್ತಾರೆ.

ಕೆಂಪು ತಟ್ಟೆ ನೋಡಿ, "ಯಾರ ರಕ್ತ ಅದು?"
"ಬನ್ನೂರು ಕುರೀದು."
ಕತ್ತು ಹಿಡಿದುಕೊಂಡೇ ನಕ್ಕ.
"ನನ್ ಗಂಟ್ಲಲ್ಲಿರೋವ್ಕೆ ಬಾಡೂಟ ಅನ್ನಿ."

ಬಾಡೂಟವೇ.
ಬೆಚ್ಚನೆಯ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಪಂಕ್ತಿ.
ಸರ ಕಟ್ಟಿಕೊಂಡು ಬರುವ ಸ್ಟ್ರೆಪ್ಟೋಕಾಕಸ್
ಉಂಡೆದ್ದ ಜಾಗದ ಸುತ್ತ ತಟ್ಟೆ ತಿಳಿಯಾಗುತ್ತದೆ,
ಹಿಂದಿಟ್ಟ ಪೇಪರಿನ ಅಕ್ಷರ ಕಾಣುವಷ್ಟು ತಿಳಿ.
ಅದಕ್ಕೆ ದಾಯಾದಿಗಳಿದ್ದಾರೆ, ಸಿ, ಜಿ ಅಂತ,
ಹಾಸ್ಟೆಲಿನ ಹುಡುಗರ ಗಂಟಲು ಅವಕ್ಕೂ ಆಗುತ್ತದೆ.
ಇನ್ನೊಂದಿದೆ, ಮಹಾ ನಿಧಾನಿ.
ತೋಳಿನ ಮೇಲೆ ಗಂಧೆ ಎಬ್ಬಿಸುವುದು ಬೇಗ,
ತಟ್ಟೆಯ ಮೇಲೆ ಏಳಲು ಎರಡು ಮೂರು ದಿನ.
ಅಷ್ಟರಲ್ಲಿ ನಾವು ತಟ್ಟೆ ಎಸೆದಿರುತ್ತೇವೆ.

ಮಾರನೇ ದಿನ ಪೂರ್ಣೇಶನ ತಟ್ಟೆಯಲ್ಲಿ
ಎಲ್ಲರ ಬಾಯಲ್ಲೂ ಇರುವ ಬಡಪಾಯಿಗಳು.
ಫಾರಮ್ಮಿನಲ್ಲಿ ಮೊದಲೇ ಅಚ್ಚಾದ ಸಾಲು:
ರೋಗಕಾರಕ ಬೆಳೆದಿಲ್ಲ.
ಕೆಳಗೆ ಸಹಿ ಹಾಕಿದೆ.
ವೈರಸ್ ಇರಬೇಕು ಅಂದರು ಡಾಕ್ಟರು.
ಬಹಳಷ್ಟು ಗಂಟಲಲ್ಲಿ ಅದೇ ಇರುತ್ತದೆ, ಅವರದೇನು ತಪ್ಪು.

ನಾಲ್ಕನೇ ದಿನ ಹೆಗಲು ಕೊಟ್ಟು ಕರೆತಂದವನು ಮಂಡಿಯ ಹಮಾಲಿ ಇಮ್ತಿಯಾಜ್.
"ರೇಟು ಕೂಗೋನು ಮೂಗ್ನಂಗೆ ಸನ್ನೆ ಮಾಡ್ತವ್ನೆ ಮೇಡಂ."
ದವಡೆಯಿಂದ ಕೆಳಕ್ಕೆ ಎಡಗತ್ತು
ಚರ್ಮದೊಳಗೆ ಹಗ್ಗ ಹೂತಂತೆ.
ಚಳಿಗೆ ಕಬ್ಬಿಣದ ಮಂಚ ಕಟಕಟ.

ಕತ್ತಿನ ರಕ್ತನಾಳದಲ್ಲಿ ಹೆಪ್ಪು, ಅಂದಿತು ಸ್ಕ್ಯಾನಿಂಗ್.
ಆಗ ನೆನಪಾಯಿತು,
ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದ ಪುಟ.
ಫ್ಯೂಸೋಬ್ಯಾಕ್ಟೀರಿಯಂ.
ಹರೆಯದ ಗಂಟಲಲ್ಲಿ ಅಡಗಿ ಕೂರುವುದು,
ಗಾಳಿ ಸೋಕಿದರೆ ಸಾಯುವುದು.
ನಾನು ಅದಕ್ಕೆ ರಾತ್ರಿಯಿಡೀ ಗಾಳಿ ಕೊಟ್ಟು
ಬೆಳಗ್ಗೆ ಇಲ್ಲ ಅಂತ ಬರೆದಿದ್ದೆ.

ಗಾಳಿ ತೆಗೆಯುವ ಜಾಡಿ ಕಪಾಟಿನ ಮೇಲಿತ್ತು,
ಯಾರೋ ಅದರಲ್ಲಿ ರಬ್ಬರ್ ಬ್ಯಾಂಡ್ ತುಂಬಿಟ್ಟಿದ್ದರು.
ರಾಸಾಯನಿಕದ ಪೊಟ್ಟಣ ಒಂದೇ ಒಂದು ಉಳಿದಿತ್ತು.
ಅವನ ರಕ್ತ ಸೀಸೆಗಿಳಿದು,
ಸೀಸೆಯಿಂದ ಕುರಿಯ ರಕ್ತಕ್ಕಿಳಿದು,
ಜಾಡಿಯ ಕತ್ತಲಲ್ಲಿ ಎರಡು ರಾತ್ರಿ.
ಮುಚ್ಚಳ ತಿರುಗಿಸಿದರೆ ಮುಗ್ಗಿದ ಬೆಣ್ಣೆಯ ವಾಸನೆ.
ನಮ್ಮಜ್ಜಿ ಅಂಥ ಬೆಣ್ಣೆಯನ್ನೂ ಎಸೆಯದೆ ಕಾಸುತ್ತಿದ್ದಳು.
ಕುಣಿಯಬೇಕು ಅನ್ನಿಸಿತು, ಹಿಂದೆಯೇ ನಾಚಿಕೆ.
ಓಡಿಹೋಗಿ ಹೇಳಿದೆ.
ಔಷಧಿ ಆಗಲೇ ಹತ್ತಿಸಿದ್ದರು,
ಡಾಕ್ಟರು ನನ್ನ ಜಾಡಿಗಾಗಿ ಕಾದಿರಲಿಲ್ಲ.

ಇಪ್ಪತ್ಮೂರು ದಿನ ವಾರ್ಡು.
ಹೊರಡುವಾಗ ಲ್ಯಾಬಿನ ಕಿಟಕಿಗೆ ಬಂದ, ದನಿ ಬಿರುಕು ಮಡಕೆ.
"ಏನಕ್ಕ ಅದ್ರ ಹೆಸ್ರು?"
ಹೇಳಿದೆ.
ಒಂದು ಸಲ ತೊದಲಿದ, ಎರಡು ಸಲ ಎಡವಿದ,
ಮೂರನೇ ಸಲ ಗೆದ್ದ, ಅಂಗೈ ತಟ್ಟಿದ,
ಮಂಡಿಯಲ್ಲಿ ಮಾಲು ಬಿಟ್ಟುಕೊಡುವ ಹಾಗೆ.
ಮೊದಲ ರಿಪೋರ್ಟು ಯಾರ ಸಹಿಯದೆಂದು ಅವನು ಕೇಳಲಿಲ್ಲ.
ನಾನೂ ಹೇಳಲಿಲ್ಲ.
ಪೇಪರಲ್ಲಿ ಸುತ್ತಿದ ಎರಡಚ್ಚು ಬೆಲ್ಲ ಇಟ್ಟು ಹೋದ.

ಇಲ್ಲಿ ತಿನ್ನಬಾರದು, ಕುಡಿಯಬಾರದು,
ಗೋಡೆಯ ಮೇಲೆ ಬೋರ್ಡಿದೆ, ಬರೆಸಿದವಳು ನಾನೇ.
ಸಂಜೆಗೆ ಇರುವೆಗಳು ಬೆಲ್ಲದ ಸುತ್ತ ಉಂಗುರ ಕಟ್ಟಿದ್ದವು.
ಓಡಿಸಲಿಲ್ಲ.
ಜಾಡಿಗೆ ಪೊಟ್ಟಣ ಬೇಕೆಂದು ಇಂಡೆಂಟ್ ಬರೆಯುತ್ತಿದ್ದೆ,
ಈ ವರ್ಷದ್ದು ಮೂರನೆಯದು.